ನಿದಾನವೂ ನಿಧಾನವೂ

ಗ್ರೀಷ್ಮವು ನಮ್ಮ ಜಿಲ್ಲೆಯ ತಾಲ್ಲೂಕುಗಳಿಗೆಲ್ಲ ಒಂದೇ ತೆರನಾಗಿ ಬರುವುದಿಲ್ಲ. ಚನ್ನಗಿರಿಯ ಅಡಕೆಯ ತೋಟಗಳ ನಡುವೆ ಅದು ಬೆವರಾಗಿ ಬರುತ್ತದೆ. ಹೊನ್ನಾಳಿಯಲ್ಲಿ ಹೊಳೆಯ ಮರಳನ್ನು ಕಾಯಿಸಿಕೊಂಡು ಬರುತ್ತದೆ. ನ್ಯಾಮತಿಯ ಕಡೆಯ ಗುಡ್ಡಗಾಡು ಅದನ್ನು ಸ್ವಲ್ಪಮಟ್ಟಿಗೆ ತಡೆದೀತು. ಜಗಳೂರಿನಲ್ಲಿ ಮಾತ್ರ ಅದಕ್ಕೆ ಎದುರು ನಿಲ್ಲುವವರೇ ಇಲ್ಲ. ೧೯೯೭ರಲ್ಲಿ ದಾವಣಗೆರೆಯು ಜಿಲ್ಲೆಯಾದಾಗ ಶಿವಮೊಗ್ಗದ ಕಡೆಯಿಂದ ಚನ್ನಗಿರಿ ಹೊನ್ನಾಳಿಗಳೂ ಚಿತ್ರದುರ್ಗದ ಕಡೆಯಿಂದ ಜಗಳೂರೂ ಬಂದು ಸೇರಿದವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾನೂ ಒಂದು ತಾಲ್ಲೂಕಾಯಿತು. ಕಚೇರಿಯ ಕಾಗದದಲ್ಲಿ ಒಂದಾದ ಮಾತ್ರಕ್ಕೆ ಬಿಸಿಲು ಒಂದಾಗಲಿಲ್ಲ.

ನಾನು ಈ ಸೀಮೆಗಳಲ್ಲೆಲ್ಲ ಮಕ್ಕಳಿಗೆ ಕನ್ನಡವನ್ನೂ ಸಂಸ್ಕೃತವನ್ನೂ ಹೇಳಿಕೊಟ್ಟು, ಈಗ ನಿವೃತ್ತನಾಗಿ ಜಗಳೂರಿನಲ್ಲಿ ನೆಲಸಿರುವವನು. ಪಾಠಶಾಲೆಯ ಹಜಾರದಲ್ಲಿ ಕುಳಿತು ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವನೊಬ್ಬನು ಮೋಟಾರು ಕಾರಿನೊಳಗಣ ತಂಪಿನ ಯಂತ್ರದ ವಿಚಾರವಾಗಿ ಬರೆಯಲು ಹೊರಟನೆಂದರೆ ವಾಚಕರಿಗೆ ನಗು ಬಂದೀತು. ಬರಲಿ. ಕಾರ್ಯದಿಂದ ಕಾರಣವನ್ನು ಊಹಿಸುವ ಶಾಸ್ತ್ರವನ್ನು ಓದಿದವನಿಗೆ, ಆ ಶಾಸ್ತ್ರವು ಗ್ಯಾರೇಜೊಂದರ ಎಣ್ಣೆ ಬಿದ್ದ ನೆಲದ ಮೇಲೆ ನಡೆದಾಡುವುದನ್ನು ಕಂಡಮೇಲೆ ಸುಮ್ಮನಿರುವುದು ಕಷ್ಟ.

ವಿಷಯವು ವಿನೋದದ್ದಲ್ಲ. ನನ್ನ ಗೃಹಿಣಿಗೆ ಮೂತ್ರಪಿಂಡಗಳ ವ್ಯಾಧಿ. ವಾರಕ್ಕೆ ಎರಡಾವರ್ತಿ ದಾವಣಗೆರೆಗೆ ಹೋಗಿ, ರಕ್ತವನ್ನು ಯಂತ್ರದ ಮೂಲಕ ಶುದ್ಧಿ ಮಾಡಿಸಿಕೊಂಡು ಬರಬೇಕು. ಡಯಾಲಿಸಿಸ್ ಎಂಬ ಮಾತು ಈಗ ಹಳ್ಳಿಗಳಿಗೂ ತಿಳಿದಿದೆ. ಆದರೆ ಆ ರೋಗಿಗಳು ಪಡುವ ಒಂದು ಸಂಕಟವು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಕುಡಿದ ನೀರು ಹೊರಕ್ಕೆ ಹೋಗದು. ಮೈಯಲ್ಲಿಯೇ ನಿಂತು ಕಾಲುಗಳನ್ನು ಊದಿಸುವುದು. ಮಿತಿಮೀರಿದರೆ ಶ್ವಾಸಕೋಶಗಳಿಗೂ ಏರಿ ಉಸಿರನ್ನು ಕಟ್ಟುವುದು. ಆದಕಾರಣ ವೈದ್ಯರು ಆಕೆಗೆ ನೀರನ್ನು ಅಳತೆ ಮಾಡಿ ಕೊಟ್ಟಿದ್ದಾರೆ. ಪ್ರಾತಃಕಾಲದಲ್ಲಿ ಒಂದು ಸೀಸೆಗೆ ಆ ದಿನದ ನೀರನ್ನು ತುಂಬಿಟ್ಟುಕೊಂಡರೆ ರಾತ್ರಿ ಮಲಗುವವರೆಗೂ ಅದೇ ಆಕೆಯ ತುಂಗಭದ್ರೆ. ಅಂಥವರಿಗೆ ಏಪ್ರಿಲ್ ತಿಂಗಳ ಮಧ್ಯಾಹ್ನ, ಮುಚ್ಚಿದ ಗಾಡಿಯಲ್ಲಿ, ಜಗಳೂರಿನ ದಾರಿ ಹೇಗಿರಬೇಕು? ಗಾಜನ್ನು ಇಳಿಸಿದರೆ ಕುಲುಮೆಯ ಗಾಳಿ, ಏರಿಸಿದರೆ ಬೆವರು. ಬಾಯಾರಿದಂತೆಲ್ಲ ಸೀಸೆಯ ಕಡೆಗೆ ಕೈ ಹೋಗುತ್ತದೆ. ಸೀಸೆಯಲ್ಲಿ ಇರುವುದು ಇಷ್ಟೇ. ನಮ್ಮ ಮಗನು ತನ್ನ ಹಳೆಯ ಕಾರನ್ನು ನಮಗೆ ಬಿಟ್ಟುಕೊಟ್ಟುದು ಅದರಲ್ಲಿ ಏಸಿ ಇದೆ ಎಂಬ ಒಂದೇ ಕಾರಣದಿಂದ. ಆ ಏಸಿಯೇ ಈ ವರುಷದ ಫಾಲ್ಗುಣದಲ್ಲಿ ಮುನಿಸಿಕೊಂಡಿತು.

ಮುಂದಿನ ಸಂಗತಿಯನ್ನು ಹೇಳುವುದಕ್ಕೆ ಮೊದಲು ಈ ಯಂತ್ರವು ಮಾಡುವ ಕೆಲಸವನ್ನು ತಿಳಿಸಬೇಕು. ಜನಸಾಮಾನ್ಯರು ಅದು ತಂಪನ್ನು ಉತ್ಪತ್ತಿ ಮಾಡುತ್ತದೆಂದು ಭಾವಿಸುವರು. ತಂಪೆಂಬ ದ್ರವ್ಯವೇ ಇಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಚೆಲ್ಲುವುದಷ್ಟೇ ಅದರ ಕೆಲಸ, ಕಪಿಲೆಯು ಬಾವಿಯ ನೀರನ್ನು ಎತ್ತಿ ಕಾಲುವೆಗೆ ಸುರಿಯುವಂತೆ. ನಮ್ಮ ಮನೆಯ ಮಣ್ಣಿನ ಮಡಕೆಯೂ ಇದನ್ನೇ ಮಾಡುತ್ತದೆ. ಮಡಕೆಯ ಹೊರಮೈಗೆ ಒಸರಿದ ನೀರು ಆವಿಯಾಗಿ ಹೋಗುವಾಗ ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಕಿತ್ತುಕೊಂಡು ಹೋಗುತ್ತದೆ. ಕುದಿಯುವ ನೀರಿನ ಒಂದೊಂದು ಗ್ರಾಮೂ ಆವಿಯಾಗಬೇಕಾದರೆ ಸುಮಾರು ೫೪೦ ಕೆಲೊರಿಗಳಷ್ಟು ಶಾಖ ಬೇಕೆಂದು ಭೌತಶಾಸ್ತ್ರದ ಪುಸ್ತಕಗಳಲ್ಲಿ ಓದುತ್ತೇವೆ. ತಣ್ಣೀರು ಆವಿಯಾಗುವುದಕ್ಕೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಜಗಳೂರಿನ ಒಣಗಾಳಿಯಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಂತೆ ತಣ್ಣಗಾಗುವುದೂ, ಮಳೆಗಾಲದ ಚನ್ನಗಿರಿಯಲ್ಲಿ ಅದೇ ಮಡಕೆ ಸಪ್ಪೆಯಾಗಿ ಕುಳಿತುಕೊಳ್ಳುವುದೂ ಈ ಕಾರಣದಿಂದಲೇ: ತೇವ ತುಂಬಿದ ಗಾಳಿಯು ಇನ್ನಷ್ಟು ಆವಿಯನ್ನು ಹೊರಲಾರದು. ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಬಾಗಿಲಿಗೆ ಕಟ್ಟುತ್ತಿದ್ದವರು ಇದನ್ನು ಬಲ್ಲವರಾಗಿದ್ದರು. ಕಾಳಿದಾಸನ ಹೆಸರಿನಲ್ಲಿರುವ ಋತುಸಂಹಾರದ ಗ್ರೀಷ್ಮವರ್ಣನೆಯಲ್ಲಿ ನೀರಿನ ಯಂತ್ರವುಳ್ಳ ಮನೆಯ ಪ್ರಸ್ತಾಪವಿದೆ. ಸಂತೇಬೆನ್ನೂರಿನ ಪುಷ್ಕರಿಣಿಯ ನಡುವೆ ವಸಂತಮಂಟಪವನ್ನು ನಿಲ್ಲಿಸಿದವರಿಗೂ ಈ ಅನುಭವವಿದ್ದಿರಬೇಕೆಂದು ನನಗೆ ತೋರುತ್ತದೆ.

ಕಾರಿನಲ್ಲಿ ನೀರಿಗೆ ಬದಲಾಗಿ ಒಂದು ಅನಿಲ. ಈಗ ಓಡಾಡುವ ಬಹಳ ಗಾಡಿಗಳಲ್ಲಿರುವ ಆರ್-೧೩೪ಎ ಎಂಬುದು ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿದು ಆವಿಯಾಗುವಂಥದು. ಅದನ್ನು ಕಂಪ್ರೆಸರ್ ಎಂಬ ಭಾಗವು ಒತ್ತಿ ಬಿಸಿಮಾಡುತ್ತದೆ. ಗಾಡಿಯ ಮೂಗಿನಲ್ಲಿರುವ ಕಂಡೆನ್ಸರ್ ಎಂಬ ಜಾಲರಿಯಲ್ಲಿ ಅದು ತನ್ನ ಶಾಖವನ್ನು ಹೊರಗಿನ ಗಾಳಿಗೆ ಒಪ್ಪಿಸಿ ದ್ರವವಾಗುತ್ತದೆ. ಸೂಜಿಯ ಕಣ್ಣಿನಂತಹ ಕಿಂಡಿಯೊಂದರಿಂದ ನುಗ್ಗಿ, ನಮ್ಮ ಮೊಣಕಾಲಿನ ಮುಂದೆ ಹುದುಗಿರುವ ಇನ್ನೊಂದು ಜಾಲರಿಯಲ್ಲಿ ಥಟ್ಟನೆ ಆವಿಯಾಗಿ, ಒಳಗಿನ ಸೆಕೆಯನ್ನು ಹೀರಿಕೊಂಡು, ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಬೆಚ್ಚಗೆ ಮಾಡುವ ಏರ್ಪಾಡು ಇದಕ್ಕಿಂತ ಸುಲಭ. ಎಂಜಿನ್ನನ್ನು ಸುತ್ತಿ ಬರುವ ಬಿಸಿನೀರನ್ನು ಒಂದು ಪುಟ್ಟ ಜಾಲರಿಗೆ ಹರಿಸಿ ಅದರ ಮೇಲೆ ಗಾಳಿಯನ್ನು ಬಿಟ್ಟರಾಯಿತು. ತಣ್ಣನೆಯ ಜಾಲರಿ, ಬಿಸಿಯ ಜಾಲರಿ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ಗಾಳಿಯೂದುವ ಫ್ಯಾನು ಒಂದೇ. ಯಾವುದರ ಮೇಲಿಂದ ಗಾಳಿ ಎಷ್ಟು ಹಾಯಬೇಕೆಂಬುದನ್ನು ನಡುವಣ ಒಂದು ಕದವು ನಿಶ್ಚಯಿಸುತ್ತದೆ. ಈ ಕದದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಗಾಡಿಯ ತಂಪು ಕುಗ್ಗಿದ ಕೂಡಲೇ ನಮ್ಮ ಚಾಲಕ ಹುಡುಗನು ಅದನ್ನು ದೊಡ್ಡ ಊರಿನ ಒಂದು ಗ್ಯಾರೇಜಿಗೆ ಒಯ್ದನು. ಅಲ್ಲಿಯವರು ಬಾನೆಟ್ಟನ್ನು ಎತ್ತುವುದಕ್ಕೂ ಮೊದಲೇ “ಗ್ಯಾಸ್ ಹೋಗಿದೆ” ಎಂದರು, ತುಂಬಿದರು, ಹಣ ತೆಗೆದುಕೊಂಡರು. ಎರಡು ವಾರ ಚೆನ್ನಾಗಿತ್ತು. ಮತ್ತೆ ಸೆಕೆ. ಮತ್ತೆ ಗ್ಯಾಸು. ಈ ಸಲ ಐದು ದಿನ. ಮೂರನೆಯ ಸಲಕ್ಕೆ ಕಂಪ್ರೆಸರನ್ನೇ ಬದಲಿಸಬೇಕೆಂದೂ ಇಪ್ಪತ್ತೈದು ಸಾವಿರ ರೂಪಾಯಿಗಳಾಗುವುದೆಂದೂ ಅಪ್ಪಣೆಯಾಯಿತು. ಹುಡುಗನು ಈ ವಾರ್ತೆಯನ್ನು ತಂದಾಗ ಜಗುಲಿಯಲ್ಲಿ ಕುಳಿತಿದ್ದ ಗೃಹಿಣಿಯು, “ನನ್ನ ಕಾಲಿಗೂ ಹೀಗೆಯೇ ಎಣ್ಣೆ ಹಚ್ಚಿದರಲ್ಲವೆ?” ಎಂದಳು.

ಆ ಮಾತಿಗೆ ಟಿಪ್ಪಣಿ ಬೇಕು. ಕೆಲವು ವರುಷಗಳ ಕೆಳಗೆ ಆಕೆಯ ಕಾಲುಗಳು ಊದಿಕೊಳ್ಳಲು ತೊಡಗಿದಾಗ ನಾವು ತೋರಿಸಿದ ಚಿಕಿತ್ಸಕರೊಬ್ಬರು ವಯಸ್ಸಾಯಿತೆಂದೂ ನಿಂತು ಕೆಲಸ ಮಾಡಬಾರದೆಂದೂ ಹೇಳಿ ತೈಲವೊಂದನ್ನು ಕೊಟ್ಟರು. ಹಚ್ಚಿದಾಗ ಹಿತವಾಗುತ್ತಿತ್ತು. ಹತ್ತು ತಿಂಗಳು ಹಾಗೆಯೇ ಕಳೆಯಿತು. ಮೂತ್ರದ ಪರೀಕ್ಷೆ, ರಕ್ತದ ಪರೀಕ್ಷೆ, ರಕ್ತದೊತ್ತಡ, ಇವನ್ನು ಯಾರೂ ಕೇಳಲಿಲ್ಲ. ಕೇಳಿದ ದಿನ ಮೂತ್ರಪಿಂಡಗಳ ಶಕ್ತಿಯ ಬಹುಭಾಗವು ಹೋಗಿಬಿಟ್ಟಿತ್ತು. ಕಾಲಿನಲ್ಲಿ ಕಂಡದ್ದು ಕಾಲಿನ ರೋಗವಾಗಿರಲಿಲ್ಲ.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗದ ಮೂಲಕಾರಣಕ್ಕೂ ಅದನ್ನು ನಿರ್ಣಯಿಸುವುದಕ್ಕೂ ‘ನಿದಾನ’ವೆಂದು ಹೆಸರು, ಮಾಧವನಿದಾನವೆಂಬ ಗ್ರಂಥವು ಪೂರಾ ಈ ಒಂದು ವಿಷಯಕ್ಕಾಗಿಯೇ ಹುಟ್ಟಿದ್ದು. ಕನ್ನಡದಲ್ಲಿ ಮೆಲ್ಲಗೆ, ಸಾವಧಾನವಾಗಿ ಎಂಬುದಕ್ಕೆ ‘ನಿಧಾನ’ವೆನ್ನುತ್ತೇವೆ. ನಡುವೆ ಇರುವುದು ಒಂದು ಮಹಾಪ್ರಾಣ. ಮೂವತ್ತು ವರ್ಷಗಳ ಕಾಲ ಮಕ್ಕಳ ಉಕ್ತಲೇಖನಗಳಲ್ಲಿ ಈ ದಕಾರ ಧಕಾರಗಳನ್ನು ಕೆಂಪು ಮಸಿಯಿಂದ ತಿದ್ದುತ್ತ ಬಂದಿದ್ದೇನೆ. ಈಗೀಗ ಆ ಮಕ್ಕಳು ಅರ್ಧ ಸರಿಯಾಗಿಯೇ ಬರೆಯುತ್ತಿದ್ದರೇನೋ ಎನ್ನಿಸುತ್ತದೆ, ಏಕೆಂದರೆ ನಿಧಾನವಿಲ್ಲದ ಕಡೆ ನಿದಾನವೂ ಇರುವುದನ್ನು ನಾನು ಕಂಡಿಲ್ಲ.

ಗ್ಯಾಸು ತುಂಬಿದ ಮೇಲೆ ಎರಡು ವಾರ ತಂಪಾಗಿದ್ದುದೇಕೆ ಎಂದು ವಾಚಕರು ಕೇಳಬಹುದು. ಅದನ್ನು ನಾನು ದಿನಚರಿಯನ್ನು ತೆಗೆದು ನೋಡಿದೆನು. ಆ ಎರಡು ವಾರಗಳಲ್ಲಿ ಮೂರು ದಿನ ಮೋಡ, ಒಂದು ದಿನ ಮಾವಿನ ಮಳೆ. ಮೇಲಾಗಿ ಆಸ್ಪತ್ರೆಯವರು ನಮ್ಮ ಸರದಿಯನ್ನು ಬೆಳಗಿನ ಜಾವಕ್ಕೆ ಹಾಕಿದ್ದರು. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯೇ ಹಣ್ಣನ್ನು ಕೆಡಹಿತೆಂದು ತಿಳಿಯುವುದು ಕಾಕತಾಲೀಯ. ತರ್ಕಶಾಸ್ತ್ರದಲ್ಲಿ ಇದಕ್ಕೆ ಇನ್ನೂ ಸೊಗಸಾದ ಉದಾಹರಣೆಯುಂಟು. ಕುಂಬಾರನು ಮಡಕೆ ಮಾಡುವುದಕ್ಕೆ ಮುಂಚೆ ಅವನ ಕತ್ತೆ ಮಣ್ಣು ಹೊತ್ತು ತಂದಿರುತ್ತದೆ. ಹಾಗೆಂದು ಕತ್ತೆಯನ್ನು ಮಡಕೆಗೆ ಕಾರಣವೆಂದು ಹೇಳಲಾಗದು. ಅದು ಅನ್ಯಥಾಸಿದ್ಧ. ನಾವು ಎರಡು ಸಲ ಹಣ ತೆತ್ತದ್ದು ಈ ಕತ್ತೆಗೆ.

ಹೀಗಿರುವಾಗ ಗೃಹಿಣಿಗೆ ತನ್ನ ತವರನ್ನು ನೋಡಬೇಕೆಂಬ ಆಸೆ ಹುಟ್ಟಿತು. ತವರು ನ್ಯಾಮತಿ. ಈಗ ಅಲ್ಲಿ ಉಳಿದಿರುವವಳು ಅಕ್ಕ ಒಬ್ಬಳೇ. ಅವಳಿಗೂ ಎಂಬತ್ತು ಸಮೀಪಿಸಿದೆ. ಎರಡು ಚಿಕಿತ್ಸೆಗಳ ನಡುವೆ ದೊರೆಯುವ ಬಿಡುವು ಎಂದರೆ ಮಂಗಳವಾರ ಸಂಜೆಯಿಂದ ಶುಕ್ರವಾರ ಬೆಳಗಿನವರೆಗೆ. ದಾವಣಗೆರೆಯ ಮೇಲೆ ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ ದಾರಿ. “ಬಿಸಿಲು ಕಳೆದಮೇಲೆ ಹೋಗೋಣ” ಎಂದೆನು. “ಬಿಸಿಲು ಕಳೆಯುವುದನ್ನು ಕಾಯುವಷ್ಟು ಲೆಕ್ಕ ನನ್ನ ಬಳಿ ಇದೆಯೆ, ಅಕ್ಕನ ಬಳಿ ಇದೆಯೆ?” ಎಂದಳು. ಬುಧವಾರ ಬೆಳಕು ಹರಿಯುವ ಮುಂಚೆ ಹೊರಟೆವು. ಹೊನ್ನಾಳಿಯ ತುಂಗಭದ್ರೆಯ ಸೇತುವೆಯ ಬಳಿ ಲಾರಿಯೊಂದು ಕೆಟ್ಟು ಅಡ್ಡ ನಿಂತಿದ್ದುದರಿಂದ ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ಕೆಳಗೆ ಹೊಳೆ, ಕೈಯಲ್ಲಿ ಸೀಸೆ. ನ್ಯಾಮತಿಯನ್ನು ಮುಟ್ಟುವ ಹೊತ್ತಿಗೆ ಸೀಸೆ ಬರಿದಾಗಿತ್ತು; ದಿನವು ಇನ್ನೂ ಮುಕ್ಕಾಲು ಪಾಲು ಉಳಿದಿತ್ತು.

ನ್ಯಾಮತಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಚಿಕ್ಕದೊಂದು ಗ್ಯಾರೇಜನ್ನು ಇಟ್ಟುಕೊಂಡಿದ್ದಾನೆ. ಹೊನ್ನಾಳಿಯ ಶಾಲೆಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತು, ರಾಮಶಬ್ದದ ತೃತೀಯಾ ವಿಭಕ್ತಿಯನ್ನು ಎಂದಿಗೂ ದಾಟದಿದ್ದವನು. ಅವನ ಹೆಸರನ್ನು ಹೇಳಿದರೆ ಸಂಕೋಚಪಟ್ಟಾನು. ಆದುದರಿಂದ ಶಿಷ್ಯನೆಂದೇ ಕರೆಯುತ್ತೇನೆ. ಸಾಯಂಕಾಲ ಗಾಡಿಯನ್ನು ಅವನ ಮುಂದೆ ನಿಲ್ಲಿಸಿ ಗ್ಯಾಸು, ಕಂಪ್ರೆಸರುಗಳ ಪುರಾಣವನ್ನು ಹೇಳತೊಡಗಿದೆನು. ಅವನು ಕೈ ಒರಸಿಕೊಳ್ಳುತ್ತ, “ಮೇಷ್ಟ್ರೇ, ಅವರು ಹೇಳಿದ್ದು ಇರಲಿ. ಗಾಡಿಯಲ್ಲಿ ದಿನಾ ಕೂರೋರು ಯಾರು?” ಎಂದನು. ಗೃಹಿಣಿಯನ್ನು ತೋರಿಸಿದೆನು. ಅವನು ಆಕೆಯ ಬಾಗಿಲ ಬಳಿಗೆ ಹೋಗಿ, “ಅಮ್ಮಾ, ಯಾವಾಗ ಸೆಕೆ ಆಗುತ್ತೆ, ಯಾವಾಗ ಆಗೋಲ್ಲ, ಎರಡನ್ನೂ ಹೇಳಿ” ಎಂದನು.

ಎರಡನ್ನೂ! ಒಂದಿರುವಲ್ಲಿ ಇನ್ನೊಂದಿರುವುದು ಅನ್ವಯ. ಅದಿಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಲ್ಲದೆ ವ್ಯಾಪ್ತಿಯು ಗಟ್ಟಿಯಾಗದೆಂದು ನಮಗೆ ಪಾಠಶಾಲೆಯಲ್ಲಿ ಬೆತ್ತದ ತುದಿಯಲ್ಲಿ ಕಲಿಸಿದ್ದರು. ಇವನಿಗೆ ಕಲಿಸಿದವರು ಯಾರೋ!

ಗೃಹಿಣಿಯು ಹೇಳಿದಳು: “ನೋಡಪ್ಪ, ಜಗಳೂರು ಬಿಡುವಾಗ ಚೆನ್ನಾಗಿ ತಣ್ಣಗಿರುತ್ತೆ. ಬಿಳಿಚೋಡು ಬರೋ ಹೊತ್ತಿಗೆ ಆ ತಣ್ಣಗೆ ಅರ್ಧ ಆಗುತ್ತೆ, ಆದರೂ ತಡೀಬಹುದು. ಅಣಜಿ ದಾಟಿ ಪೇಟೆಯೊಳಗೆ ಹೋಗಿ ಎಲ್ಲಾದರೂ ನಿಂತರೆ ಪೂರಾ ಸೆಕೆ. ಮತ್ತೆ ಗಾಡಿ ಓಡಿದರೆ ಸ್ವಲ್ಪ ತಂಪು. ನಾನು ಇದನ್ನ ಮೊದಲನೇ ದಿನದಿಂದಲೂ ನೋಡ್ತಾ ಇದೀನಿ.” “ಆ ಗ್ಯಾರೇಜಿನೋರಿಗೆ ಹೇಳಿದ್ರಾ ಅಮ್ಮಾ?” “ಅವರು ನನ್ನ ಕೇಳಲಿಲ್ಲ.”

ಶಿಷ್ಯನು ತಲೆಯಾಡಿಸಿ, “ಹಾಗಾದರೆ ಇದು ಒಂದು ಕಾಯಿಲೆ ಅಲ್ಲ, ಎರಡು” ಎಂದನು. ಆಮೇಲೆ ಬಾನೆಟ್ಟನ್ನು ಎತ್ತಿದನು.

ಎಂಜಿನ್ನನ್ನು ಚಾಲೂ ಮಾಡಿ ಏಸಿಯ ಗುಂಡಿಯನ್ನು ಒತ್ತಿದಾಗ ಒಳಗೆ ಟಿಕ್ಕೆಂದು ಒಂದು ಸದ್ದಾಯಿತು. ಅದು ಕಂಪ್ರೆಸರಿನ ಕ್ಲಚ್ಚು ಹಿಡಿದುಕೊಂಡ ಸದ್ದೆಂದೂ, ಗ್ಯಾಸು ನಿಜವಾಗಿಯೂ ಬರಿದಾಗಿದ್ದರೆ ಒತ್ತಡವನ್ನು ನೋಡಿಕೊಳ್ಳುವ ಸ್ವಿಚ್ಚು ಅದನ್ನು ಹಿಡಿಯಗೊಡುತ್ತಿರಲಿಲ್ಲವೆಂದೂ ಅವನು ವಿವರಿಸಿದನು. (ಪ್ರಸಂಗವಶಾತ್ ಒಂದು ಮಾತು. ಅಮೆರಿಕದ ಪ್ಯಾಕರ್ಡ್ ಕಂಪನಿಯವರು ೧೯೪೦ರ ಮಾದರಿಯ ಕಾರುಗಳಿಗೆ ಮೊಟ್ಟಮೊದಲು ಏಸಿಯನ್ನು ಕೂಡಿಸಿ ಮಾರಿದಾಗ ಈ ಕ್ಲಚ್ಚೇ ಇರಲಿಲ್ಲವಂತೆ. ತಂಪು ಬೇಡವೆನಿಸಿದರೆ ಗಾಡಿಯನ್ನು ನಿಲ್ಲಿಸಿ, ಇಳಿದು, ಕಂಪ್ರೆಸರಿನ ಬೆಲ್ಟನ್ನು ಕೈಯಿಂದ ಕಳಚಬೇಕಾಗಿತ್ತು. ನಾವು ಎಷ್ಟೋ ವಾಸಿ.) ಬಳಿಕ ಎರಡು ಕೊಳವೆಗಳನ್ನು ಮುಟ್ಟಿ ನೋಡಿದನು. ದಪ್ಪ ಕೊಳವೆ ತಣ್ಣಗೆ ಬೆವರುತ್ತಿತ್ತು, ಸಣ್ಣದು ಸುಡುತ್ತಿತ್ತು. ಒತ್ತಡವನ್ನಳೆಯುವ ಮಾಪಕಗಳನ್ನು ಜೋಡಿಸಿದನು. ಹೆಚ್ಚೊತ್ತಡದ ಮುಳ್ಳು ಇಂಥ ಹವೆಯಲ್ಲಿ ಚದರ ಅಂಗುಲಕ್ಕೆ ೨೦೦ರಿಂದ ೨೫೦ ಪೌಂಡಿನ ನಡುವೆ ಇರಬೇಕಂತೆ. ಗಾಡಿ ನಿಂತೇ ಇತ್ತು. ಮುಳ್ಳು ಮೆಲ್ಲಮೆಲ್ಲನೆ ಏರಿ ೩೫೦ನ್ನು ದಾಟಿತು. ಒಳಗೆ ಕುಳಿತಿದ್ದ ಗೃಹಿಣಿಯು, “ಶುರುವಾಯಿತು ನೋಡಪ್ಪ ಸೆಕೆ” ಎಂದು ಕೂಗಿದಳು.

ಅವನು ಒಂದು ಬಕೆಟ್ಟು ನೀರನ್ನೂ ತಂಬಿಗೆಯನ್ನೂ ತರಿಸಿ, ಗಾಡಿಯ ಮೂಗಿನ ಜಾಲರಿಯ ಮೇಲೆ ಮೂರು ತಂಬಿಗೆ ನೀರನ್ನು ಹುಯ್ದನು. ಮುಳ್ಳು ಸರಸರನೆ ಇಳಿಯಿತು. “ಈಗ ತಂಪು ಬಂತು!” ಎಂದು ಒಳಗಿನಿಂದ ಧ್ವನಿ. ನಮ್ಮ ಮಣ್ಣಿನ ಮಡಕೆಯ ನ್ಯಾಯವನ್ನೇ ಅವನು ಆ ಜಾಲರಿಗೆ ಮಾಡಿ ತೋರಿಸಿದ್ದನು. ಜಾಲರಿಯು ಶಾಖವನ್ನು ಚೆಲ್ಲಲಾರದೆ ಕಟ್ಟಿಕೊಂಡು ನಿಂತಿತ್ತು. ನೀರು ಹುಯ್ದಾಗ ಚೆಲ್ಲಿತು. ಗಾಡಿ ಓಡುವಾಗ ಎದುರುಗಾಳಿಯೇ ಅದನ್ನು ಒಯ್ಯುತ್ತದೆ. ನಿಂತಾಗ ಗಾಳಿಯನ್ನು ಎಳೆಯಬೇಕಾದುದು ಅದರ ಹಿಂದಿನ ವಿದ್ಯುತ್ ಫ್ಯಾನು. ಆ ಗಾಡಿಯಲ್ಲಿ ಎರಡು ಫ್ಯಾನುಗಳು: ಒಂದು ಎಂಜಿನ್ನಿನ ನೀರಿಗೆ, ಇನ್ನೊಂದು ಏಸಿಯ ಜಾಲರಿಗೆ. ಮೊದಲನೆಯದು ತಿರುಗುತ್ತಿತ್ತು. ಎರಡನೆಯದು ತಪೋನಿಷ್ಠನಂತೆ ನಿಶ್ಚಲವಾಗಿತ್ತು.

ಇಷ್ಟಕ್ಕೇ ಫ್ಯಾನನ್ನು ಬದಲಿಸಬೇಕೆಂದು ಹೇಳುವವರು ಬೇಕಾದಷ್ಟು ಮಂದಿ. ಶಿಷ್ಯನು ಎಂಜಿನ್ನನ್ನು ನಿಲ್ಲಿಸಿ, ಬ್ಯಾಟರಿಯಿಂದ ನೇರವಾಗಿ ಎರಡು ತಂತಿಗಳನ್ನು ಫ್ಯಾನಿಗೆ ಮುಟ್ಟಿಸಿದನು. ಗಿರ್ರನೆ ತಿರುಗಿತು. ಫ್ಯಾನು ನಿರಪರಾಧಿ. ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದನು; ತಂತಿ ಅಖಂಡವಾಗಿತ್ತು. ಉಳಿದುದು ರಿಲೇ ಎಂಬ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕರಿಯ ಡಬ್ಬಿ, ಸಣ್ಣ ವಿದ್ಯುತ್ತಿನ ಅಪ್ಪಣೆಯ ಮೇಲೆ ದೊಡ್ಡ ವಿದ್ಯುತ್ತಿಗೆ ಬಾಗಿಲು ತೆರೆಯುವ ದ್ವಾರಪಾಲಕ. ಹಾರನ್ನಿಗೂ ಅದೇ ಜಾತಿಯ ರಿಲೇ ಇತ್ತು. ಎರಡನ್ನೂ ಕಿತ್ತು ಅದಲುಬದಲು ಮಾಡಿದನು. ಏಸಿಯ ಫ್ಯಾನು ಎದ್ದು ತಿರುಗಿತು. ಹಾರನ್ನು ಒತ್ತಿದರೆ ಮೌನ. ದೋಷವು ಡಬ್ಬಿಯೊಡನೆಯೇ ಸ್ಥಳಾಂತರ ಹೊಂದಿತ್ತು! ಇದಕ್ಕಿಂತ ಶುದ್ಧವಾದ ಅನ್ವಯವ್ಯತಿರೇಕವನ್ನು ನಾನು ಯಾವ ವಾಕ್ಯಾರ್ಥಸಭೆಯಲ್ಲಿಯೂ ಕೇಳಿಲ್ಲ. ನ್ಯಾಮತಿಯಲ್ಲಿ ಅಂಗಡಿಗಳು ಮುಚ್ಚಿದ್ದವು. ಹೊಸ ರಿಲೇಯನ್ನು ಹೊನ್ನಾಳಿಯಲ್ಲಿ ಕೊಳ್ಳಬೇಕಾಗಿತ್ತು. “ಅಲ್ಲೀತನಕ ಹಾರನ್ ಇರೋಲ್ಲ ಅಮ್ಮಾ, ಹುಷಾರಾಗಿ ಹೋಗಬೇಕು” ಎಂದನು. “ಮೇಷ್ಟ್ರು ಇದಾರಲ್ಲ, ಕೂಗಿಕೊಳ್ತಾರೆ” ಎಂದಳು. ಮೂವತ್ತು ವರುಷ ತರಗತಿಯಲ್ಲಿ ಕೂಗಿದವನ ಮೇಲೆ ಅಷ್ಟು ಭರವಸೆ.

ಇಲ್ಲಿ ಇನ್ನೊಂದನ್ನು ಹೇಳಬೇಕು. ನೀರು ಹುಯ್ದಾಗ ಜಾಲರಿಯಿಂದ ಕೆಂಪು ಕೆಸರೂ ಮೆಕ್ಕೆಜೋಳದ ಸಿಪ್ಪೆಯ ಚೂರುಗಳೂ ಇಳಿದುವು. ನಮ್ಮ ಕಡೆ ಜೋಳವನ್ನು ರಸ್ತೆಯ ಮೇಲೆಯೇ ಹರವಿ ಒಣಗಿಸುವುದು ಎಲ್ಲರೂ ಬಲ್ಲ ವಿಷಯ. ಶಿಷ್ಯನು ಆ ಕಸವನ್ನು ಬೆರಳಿನಿಂದ ತೀಡಿ, “ಚನ್ನಗಿರಿ ಗಾಡಿ ಆದರೆ ಅಡಕೆ ಸಿಪ್ಪೆ ನಾರು ಬರುತ್ತೆ, ಜಗಳೂರು ಗಾಡಿ ಆದರೆ ಈ ಕೆಂಪು ಧೂಳು. ಬೋರ್ಡು ನೋಡಬೇಕಾಗಿಲ್ಲ” ಎಂದು ನಕ್ಕನು. ಜಾಲರಿಯ ರೆಕ್ಕೆಗಳು ಮಣಿಯದಂತೆ ಮೃದುವಾದ ನೀರಿನ ಧಾರೆಯಿಂದ ಅದನ್ನು ತೊಳೆದನು.

ಈಗ ನಿಂತಿದ್ದರೂ ತಂಪು ಬರುತ್ತಿತ್ತು. ಆದರೆ ಗಾಳಿ ಹೊರಡುವ ಕಿಂಡಿಯಲ್ಲಿ ಇಟ್ಟ ಉಷ್ಣಮಾಪಕವು ೧೬ ಡಿಗ್ರಿಗಿಂತ ಕೆಳಗೆ ಇಳಿಯಲೊಲ್ಲದು. ನಾನಾಗಿದ್ದರೆ ಅಷ್ಟಕ್ಕೆ ತೃಪ್ತನಾಗುತ್ತಿದ್ದೆನು. ಶಿಷ್ಯನು, “ಅಮ್ಮ ಹೇಳಿದ ಮೊದಲನೇ ಮಾತು ಇನ್ನೂ ಉಳಿದಿದೆ” ಎಂದನು. ಜಗಳೂರು ಬಿಡುವಾಗ ತಂಪು. ಬಿಳಿಚೋಡಿನ ಹೊತ್ತಿಗೆ ಅರ್ಧ. ಆ ದಾರಿಯಲ್ಲಿ ಗಾಡಿ ಓಡುತ್ತಲೇ ಇರುತ್ತದೆ, ಆದುದರಿಂದ ಫ್ಯಾನಿನ ದೋಷವು ಅದಕ್ಕೆ ಕಾರಣವಾಗಲಾರದು. ಆ ಹೊತ್ತಿನಲ್ಲಿ ಬದಲಾಗುವುದು ಯಾವುದು? ಎಂಜಿನ್ನಿನ ನೀರು ಬಿಸಿಯಾಗುತ್ತದೆ. ಹಾಗಾದರೆ ಆ ಬಿಸಿ ಎಲ್ಲಿಂದಲೋ ತಂಪಿನೊಳಕ್ಕೆ ನುಸುಳುತ್ತಿದೆ.

ಹಿಂದೆ ಹೇಳಿದ ಕದವು ಇಲ್ಲಿ ಬರುತ್ತದೆ. ಅವನು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಚಾಲಕನ ಕಾಲಿಡುವ ಜಾಗದಲ್ಲಿ ಅಂಗಾತನಾಗಿ ಮಲಗಿ, ಬಿಸಿ ತಂಪಿನ ಗುಂಡಿಯನ್ನು ತಿರುಗಿಸೆಂದು ನನಗೆ ಸನ್ನೆ ಮಾಡಿದನು. ತಿರುಗಿಸಿದೆನು. ಗುಂಡಿ ತಿರುಗಿತು, ಕದ ಅಲುಗಲಿಲ್ಲ. ಅದನ್ನು ಎಳೆಯುವ ತಂತಿಯು ಹಿಡಿಕೆಯಿಂದ ಜಾರಿ ಜೋತಾಡುತ್ತಿತ್ತು, ಕದವು ಅರ್ಧ ತೆರೆದು ನಿಂತಿತ್ತು. ತಣ್ಣನೆಯ ಜಾಲರಿಯನ್ನು ಹಾದು ಬಂದ ಗಾಳಿಯ ಒಂದು ಪಾಲು ಬಿಸಿಯ ಜಾಲರಿಯ ಮೇಲೂ ಹಾದು ಬರುತ್ತಿತ್ತು. ಒಂದು ಕೈಯಿಂದ ಉಣಬಡಿಸಿ ಇನ್ನೊಂದು ಕೈಯಿಂದ ಎಲೆ ಎಳೆದಂತೆ! ತಂತಿಯನ್ನು ಅದರ ಕ್ಲಿಪ್ಪಿಗೆ ಸಿಕ್ಕಿಸಿ ಬಿಗಿದದ್ದಕ್ಕೆ ಹಿಡಿದ ಹೊತ್ತು ಹತ್ತು ನಿಮಿಷ. ವೆಚ್ಚ ಏನೂ ಇಲ್ಲ. 

ಈ ಬಿಸಿಯ ಏರ್ಪಾಡು ನಮ್ಮ ಸೀಮೆಗೆ ಏತಕ್ಕೆ, ಕಿತ್ತೊಗೆಯಬಾರದೆ ಎಂದು ಕೇಳಿದೆನು. ಅವನು ಒಪ್ಪಲಿಲ್ಲ. ನ್ಯಾಮತಿಯವರು ಮಳೆಗಾಲದಲ್ಲಿ ತೀರ್ಥಹಳ್ಳಿ, ಆಗುಂಬೆಗಳ ಕಡೆಗೆ ಹೋಗುವುದುಂಟು; ಆಗ ಒಳಗಿನವರ ಉಸಿರಿನ ತೇವವು ಮುಂದಿನ ಗಾಜಿಗೆ ಕಟ್ಟಿ ದಾರಿ ಕಾಣದಾಗುತ್ತದೆ. ಏಸಿಯನ್ನೂ ಬಿಸಿಯನ್ನೂ ಒಟ್ಟಿಗೆ ಹಾಕಿದರೆ ತಣ್ಣನೆಯ ಜಾಲರಿಯು ಗಾಳಿಯ ತೇವವನ್ನು ಹಿಂಡಿಬಿಡುತ್ತದೆ, ಬಿಸಿಯ ಜಾಲರಿಯು ಆ ಒಣಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ಗಾಜು ಕ್ಷಣದಲ್ಲಿ ತಿಳಿಯಾಗುತ್ತದೆ. ಘಾಟಿಯಲ್ಲಿ ಎಂಜಿನ್ನು ಮಿತಿಮೀರಿ ಕಾದಾಗಲೂ ಏಸಿಯನ್ನು ಆರಿಸಿ ಬಿಸಿಯನ್ನು ಪೂರ್ತಿ ತೆರೆದರೆ ಸ್ವಲ್ಪ ಶಾಖವು ಒಳಕ್ಕೆ ಹರಿದು ಎಂಜಿನ್ನಿನ ಭಾರ ಕಡಮೆಯಾಗುವುದೆಂದು ಹಳೆಯ ಚಾಲಕರು ಬಲ್ಲರು.

ಉಷ್ಣಮಾಪಕವು ೯ಕ್ಕೆ ಇಳಿಯಿತು. ಒತ್ತಡದ ಮುಳ್ಳು ಮಾತ್ರ ಇನ್ನೂ ತುಸು ಮೇಲೆಯೇ ಇತ್ತು. ಎರಡು ಸಲ ತೂಕವಿಲ್ಲದೆ ತುಂಬಿದ್ದರಲ್ಲವೆ? ಮಾರನೆಯ ದಿನ ಶಿಷ್ಯನು ಯಂತ್ರವೊಂದನ್ನು ತರಿಸಿ, ಅನಿಲವನ್ನು ಹೊರಕ್ಕೆ ಬಿಡದೆ ಡಬ್ಬಿಯೊಳಕ್ಕೆ ಎಳೆದುಕೊಂಡು ತೂಗಿದನು. ಬಾನೆಟ್ಟಿನ ಕೆಳಗಣ ಚೀಟಿಯಲ್ಲಿ ೪೫೦ ಗ್ರಾಮು ಎಂದಿತ್ತು, ಬಂದದ್ದು ೫೮೦. ಸರಿಯಾದಷ್ಟನ್ನು ತೂಗಿ ಮರಳಿ ತುಂಬಿದನು. ಗಾಳಿಗೆ ಬಿಟ್ಟರೆ ಸುಲಭವಾಗುತ್ತಿರಲಿಲ್ಲವೆ ಎಂದರೆ, ಬಿಡಬಾರದು ಎಂದನು. ಬಿಡಬಾರದೆಂಬುದಕ್ಕೆ ಚರಿತ್ರೆಯೇ ಇದೆ. ಹಳೆಯ ಗಾಡಿಗಳಲ್ಲಿದ್ದ ಆರ್-೧೨ ಮೊದಲಾದ ಅನಿಲಗಳು ಆಕಾಶದ ಓಝೋನ್ ಪದರವನ್ನು ಸವೆಯಿಸುವುವೆಂದು ೧೯೭೪ರಲ್ಲಿ ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು ತಿಳಿಸಿದರು. ೧೯೮೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಅದರ ಜಾಗಕ್ಕೆ ಬಂದ ಆರ್-೧೩೪ಎ ಓಝೋನಿಗೆ ಕೇಡು ಮಾಡದು. ಭೂಮಿಯನ್ನು ಕಾಯಿಸುವುದರಲ್ಲಿ ಮಾತ್ರ ಅದೇ ತೂಕದ ಇಂಗಾಲಾಮ್ಲಕ್ಕಿಂತ ಸಾವಿರದ ಮುನ್ನೂರು ಪಟ್ಟಿಗೂ ಮೀರಿದ ಸಾಮರ್ಥ್ಯ ಅದಕ್ಕುಂಟು. ಇಂಥವನ್ನೂ ತಗ್ಗಿಸಬೇಕೆಂದು ೨೦೧೬ರಲ್ಲಿ ಕಿಗಾಲಿಯಲ್ಲಿ ನಿಶ್ಚಯವಾಗಿ, ೨೦೨೧ರಲ್ಲಿ ನಮ್ಮ ದೇಶವೂ ಅದನ್ನು ಅಂಗೀಕರಿಸಿತು. ತಂಪಿಗಾಗಿ ತಂದದ್ದೇ ಬಿಸಿಲನ್ನು ಬಲಪಡಿಸುವುದಾದರೆ ಜಗಳೂರಿನವರಾದ ನಾವು ಅದನ್ನು ಚೆಲ್ಲಾಡುವುದು ಯಾವ ಲೆಕ್ಕ?

ಹಣದ ವಿಚಾರಕ್ಕೆ ಬಂದಾಗ ಶಿಷ್ಯನು ಗ್ಯಾಸಿನ ಯಂತ್ರದ ಬಾಡಿಗೆಯೊಂದನ್ನು ಹೇಳಿ, ಉಳಿದುದಕ್ಕೆ ಕೈ ಮುಗಿದನು. ಗೃಹಿಣಿಯು ಅವನನ್ನು ಗದರಿಸಿ, “ಗುರುದಕ್ಷಿಣೆ ಕೊಡೋದಾದರೆ ಮೇಷ್ಟ್ರಿಗೆ ಕೊಡು, ನನ್ನ ಗಾಡಿಗೆ ಯಾಕೆ?” ಎಂದು ಕೂಲಿಯನ್ನು ಅವನ ಮಗಳ ಕೈಯಲ್ಲಿ ಇಟ್ಟಳು. ಅಕ್ಕತಂಗಿಯರು ಆ ರಾತ್ರಿಯೆಲ್ಲ ಮಾತನಾಡಿದರು; ನಾನು ಪಡಸಾಲೆಯಲ್ಲಿ ಮಲಗಿ ಅರ್ಧ ಕೇಳಿಸಿಕೊಂಡೆನು. ಬಹುತೇಕ ತೀರಿಹೋದವರ ಸಮಾಚಾರವೇ.

ಗುರುವಾರ ಸಂಜೆಗೆ ಹೊರಡೋಣವೆಂದು ನಾನು ಹೇಳಿದರೂ ಆಕೆ ಕೇಳದೆ ಮಧ್ಯಾಹ್ನ ಎರಡು ಗಂಟೆಗೇ, ಉರಿಬಿಸಿಲಿನಲ್ಲಿಯೇ, ಹೊರಡಿಸಿದಳು, ಪರೀಕ್ಷೆಯಾಗಬೇಕೆಂದಳು. ಹೊನ್ನಾಳಿಯಲ್ಲಿ ರಿಲೇಯನ್ನು ಕೊಂಡು ಹಾಕಿಸಿದೆವು; ಹಾರನ್ನಿಗೆ ದನಿ ಬಂದಿತು. ದಾವಣಗೆರೆಯ ಪೇಟೆಯಲ್ಲಿ ಎರಡು ಕಡೆ ಬಹಳ ಹೊತ್ತು ನಿಂತೆವು. ಅಣಜಿ ಹೋಯಿತು, ಬಿಳಿಚೋಡು ಹೋಯಿತು. ಜಗಳೂರಿನ ಮನೆಯ ಮುಂದೆ ಇಳಿದಾಗ ಆಕೆಯ ಸೀಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿತ್ತು. ಅದನ್ನು ಜಗುಲಿಯ ಮೇಲಿಟ್ಟು, ಸಂತೇಬೆನ್ನೂರಿನ ಪುಷ್ಕರಿಣಿಯನ್ನು ತಾನು ಇನ್ನೂ ನೋಡಿಲ್ಲವೆಂದೂ, ಮುಂದಿನ ಬುಧವಾರ ಚನ್ನಗಿರಿಯ ಕಡೆಗೆ ಹೊರಡಬಹುದೇ ಎಂದೂ ಚಾಲಕ ಹುಡುಗನನ್ನು ಕೇಳುತ್ತಿದ್ದಳು.